ತಪಾಸಣೆ ಮಾಡಿದವರು

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿರುವ ಕಾಂತರಾಜನ ಮೋಟಾರ್ ರಿಪೇರಿ ಅಂಗಡಿಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಗೋಡೆಯ ಮೇಲಿನ ಹಲಗೆ. ಹದಿನೆಂಟು ಸ್ಪ್ಯಾನರುಗಳ ಆಕಾರವನ್ನು ಅದರ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದಾನೆ. ಒಂದೊಂದು ಸ್ಪ್ಯಾನರೂ ತನ್ನ ಆಕಾರದ ಮೇಲೇ ನೇತಾಡಬೇಕು. ಕೆಲಸ ಮುಗಿದ ಮೇಲೆ ಎಲ್ಲಾದರೂ ಬರೀ ಕೆಂಪು ಕಂಡಿತೋ, ಮೋಟಾರು ಅಂಗಡಿ ಬಿಟ್ಟು ಹೊರಡುವಂತಿಲ್ಲ.

ಒಮ್ಮೆ ಶಿವನಿಯ ರೈತ ಈರಭದ್ರಪ್ಪ ಬೋರಿನ ಮೋಟಾರು ಒಯ್ಯಲು ಬಂದಾಗ ಹತ್ತನೇ ನಂಬರಿನ ಸ್ಪ್ಯಾನರಿನ ಜಾಗ ಖಾಲಿಯಿತ್ತು. ಕಾಂತರಾಜ ಮುಚ್ಚಿದ ಮೋಟಾರನ್ನು ಮತ್ತೆ ಬಿಚ್ಚತೊಡಗಿದ.

"ಲೇ ಕಾಂತ, ಇದು ಬೋರಿಗಿಳಿಯೋ ಮೋಟ್ರು ಕಣೋ, ಮ್ಯಾಲೆ ಹಾರೋದಲ್ಲ. ಕೊಡಪ್ಪಾ ಅತ್ಲಾಗೆ" ಎಂದ ಈರಭದ್ರಪ್ಪ.

"ಒಳಗೆ ಉಳಿದಿದ್ರೆ ಸಂಜೆಗೇ ಸುಟ್ಟೋಗುತ್ತೆ ಈರಭದ್ರಣ್ಣ. ಕೂತ್ಕಳ್ರಿ."

ಒಳಗೆ ಏನೂ ಇರಲಿಲ್ಲ. ಒಂದು ಗಂಟೆ ಕಳೆದ ಮೇಲೆ ಸ್ಪ್ಯಾನರು ಸಿಕ್ಕಿದ್ದು ಈರಭದ್ರಪ್ಪನ ಪಿಕಪ್ ಗಾಡಿಯಲ್ಲೇ. ಬ್ಯಾಟರಿಯ ಬೋಲ್ಟು ಸಡಿಲವಾಗಿತ್ತೆಂದು ಅವನೇ ಎತ್ತಿಕೊಂಡು ಹೋಗಿ ಮರೆತಿದ್ದ. ಊರು ಇಂದಿಗೂ ಆ ಕಥೆ ಹೇಳಿ ನಗುತ್ತದೆ, ಆದರೆ ಈರಭದ್ರಪ್ಪನ ಮೇಲಲ್ಲ, ಕಾಂತರಾಜನ ಮೇಲೆ.

ನಗುವವರಿಗೆ ಗೊತ್ತಿಲ್ಲದ್ದೇನೂ ಅಲ್ಲ, ಕಾಂತರಾಜ ಕಲಿತದ್ದು ವಿಮಾನ ರಿಪೇರಿ. ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ತಂದೆ ಮಲ್ಲಿಕಾರ್ಜುನಯ್ಯ ಮಗನ ಹಟಕ್ಕೆ ಸೋತು ಅವನನ್ನು ಬೆಂಗಳೂರಿನ ಒಂದು ಖಾಸಗಿ ಕಾಲೇಜಿಗೆ ಸೇರಿಸಿದರು. ಕಾಲೇಜಿನ ಶೆಡ್ಡಿನಲ್ಲಿ ಇದ್ದದ್ದು ಒಂದೇ ವಿಮಾನ, ಅದೂ ರೆಕ್ಕೆಗೆ ಜೇಡರ ಬಲೆ ಕಟ್ಟಿ ಕೂತಿದ್ದು. ಅದನ್ನೇ ನೂರು ಸಲ ಬಿಚ್ಚಿ ಜೋಡಿಸಿದ ಕಾಂತರಾಜ ಸರ್ಕಾರದ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ. ಇನ್ನು ಲೈಸೆನ್ಸ್ ಸಿಗಬೇಕಾದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಮಾನ್ಯತೆ ಪಡೆದ ಹ್ಯಾಂಗರಿನಲ್ಲಿ, ನಿಜವಾಗಿ ಹಾರಾಡುವ ವಿಮಾನಗಳ ರಿಪೇರಿ ಮಾಡಿದ ಅನುಭವ ಬೇಕು. ಅದನ್ನು ಕೇಳಿಕೊಂಡು ಅವನು ಎರಡು ವರ್ಷ ಗೇಟಿನಿಂದ ಗೇಟಿಗೆ ಅಲೆದ. ಲೈಸೆನ್ಸ್ ಇದ್ದರೆ ಬಾ ಎಂದರು ಹ್ಯಾಂಗರಿನವರು. ಅನುಭವ ಇದ್ದರೆ ಬಾ ಎಂದರು ಲೈಸೆನ್ಸ್ ಕೊಡುವವರು.

ಅನುಭವ ಬೇಕೆನ್ನುವ ನಿಯಮದಲ್ಲಿ ತಪ್ಪಿಲ್ಲ. ಬೇಕೇ ಬೇಕು, ಆ ವಿಮಾನದಲ್ಲಿ ಕೂರುವವರು ನಮ್ಮ ನಿಮ್ಮ ಮಕ್ಕಳು. ಆದರೆ ಆ ಅನುಭವ ಕೊಡುವುದು ಯಾರ ಹೊಣೆ ಎಂದರೆ ಎಲ್ಲರೂ ಮುಖ ತಿರುಗಿಸುತ್ತಾರೆ. ಕಾಲೇಜಿನವರಿಗೆ ಕಲಿಸಲು ಪರವಾನಗಿ ಕೊಡುವಾಗಲೇ, ಓದಿ ಬಂದವನಿಗೆ ಹ್ಯಾಂಗರಿನ ಬಾಗಿಲು ಎಲ್ಲಿ ತೆರೆಯುತ್ತೀರಿ ಎಂದು ಕೇಳಿದ್ದರೆ ಎಷ್ಟು ಮನೆಗಳ ಹುಡುಗರು ಉಳಿಯುತ್ತಿದ್ದರು! ಇದರ ಮೇಲೆ ಗಡುವು ಬೇರೆ. ಪಾಸಾದ ಪರೀಕ್ಷೆಗೆ ಹತ್ತೇ ವರ್ಷ ಆಯುಸ್ಸು. ಆಮೇಲೆ ಓದಿದ್ದು ಓದಿಲ್ಲದ ಲೆಕ್ಕ.

ಕಾಂತರಾಜ ಊರಿಗೆ ಬಂದು ಅಂಗಡಿ ಹಾಕಿದ. ಪ್ರತಿ ಕೆಲಸಕ್ಕೂ ಒಂದು ಚೀಟಿ ಬರೆಯುತ್ತಾನೆ. ಅದರ ಕೆಳಗೆ 'ಕೆಲಸ ಮಾಡಿದವರು', 'ತಪಾಸಣೆ ಮಾಡಿದವರು' ಎಂದು ಎರಡು ಸಾಲು. ಮೊದಲನೆಯದಕ್ಕೆ ಅವನ ಸಹಿ, ಎರಡನೆಯದು ಯಾವಾಗಲೂ ಖಾಲಿ. ಅದಕ್ಕೂ ನೀವೇ ಹಾಕಿದರಾಗದೇ ಎಂದು ಹೆಂಡತಿ ಕೋಮಲಾ ಕೇಳಿದ್ದಳು.

"ಮಾಡ್ದೋನೇ ನೋಡ್ದೆ ಅನ್ನಂಗಿಲ್ಲ ಕಣೇ. ಇನ್ನೊಬ್ರು ನೋಡ್ಬೇಕು."

ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣ ಆದ ಮೇಲೆ ಅಂಗಡಿಯ ನೆತ್ತಿಯ ಮೇಲೆ ಆಗಾಗ ವಿಮಾನದ ಸದ್ದು ಕೇಳುತ್ತದೆ. ಎಷ್ಟೇ ಕೆಲಸವಿರಲಿ, ಕಾಂತರಾಜ ಅಂಗಳಕ್ಕೆ ಬಂದು ನಿಲ್ಲುತ್ತಾನೆ. ಅದರಲ್ಲಿ ಕೂತು ಹೋಗುವ ಆಸೆ ಅವನಿಗಿಲ್ಲ. ಅದು ನೆಲ ಬಿಡುವ ಮೊದಲು ಯಾರೋ ಒಬ್ಬ ಸುತ್ತ ನಡೆದು, ಮುಟ್ಟಿ ನೋಡಿ, ಸರಿಯಿದೆ ಎಂದು ಸಹಿ ಹಾಕಿರುತ್ತಾನೆ. ಒಮ್ಮೆ, ಒಂದೇ ಒಂದು ಸಲ, ಆ ಸಹಿ ತನ್ನದಾಗಬೇಕಿತ್ತು ಎಂಬುದಷ್ಟೇ ಅವನ ಹಂಬಲ.

ಪರೀಕ್ಷೆ ಪಾಸಾಗಿ ಹತ್ತು ವರ್ಷ ತುಂಬಲು ಇನ್ನು ಮೂರು ದಿನ ಇತ್ತು. ಕಾಲೇಜಿನಲ್ಲಿ ಜೊತೆಗೆ ಓದಿದ ಯೋಗಾನಂದ ಕಾರಿನಲ್ಲಿ ಬಂದಿಳಿದ. ಅವನಿಗೆ ಲೈಸೆನ್ಸ್ ಸಿಕ್ಕಿತ್ತು. ಹೇಗೆಂದು ಕಾಂತರಾಜ ಎಂದೂ ಕೇಳಿರಲಿಲ್ಲ. ಯೋಗಾನಂದ ಬ್ಯಾಗಿನಿಂದ ತೆಗೆದ ಲಾಗ್‌ಬುಕ್ಕು, ಮಾಡಿದ ಕೆಲಸಗಳನ್ನು ದಾಖಲಿಸುವ ಪುಸ್ತಕ, ಉತ್ತರ ಹೇಳಿತು. ಕಾಂತರಾಜನ ಹೆಸರು, ಎರಡು ವರ್ಷದ ಅನುಭವ, ತಾರೀಖು, ಮೇಲಿನವರ ಸಹಿ, ಮೊಹರು ಎಲ್ಲ ಇತ್ತು. ಇವನ ಸಹಿಯೊಂದು ಬಾಕಿ.

"ಎಲ್ರೂ ಹಿಂಗೇ ಬಂದಿರೋದು ಕಣೋ. ನಿನ್ನಷ್ಟು ಕೆಲ್ಸ ಬಲ್ಲೋರು ಯಾರವ್ರೆ ಹೇಳು. ಹಾಕು, ನಾಳೆನೇ ಅರ್ಜಿ ಕಳಿಸ್ತೀನಿ."

ಕಾಂತರಾಜ ಪೆನ್ನು ಹಿಡಿದ. ಆ ಮಾತಿನಲ್ಲಿ ಸುಳ್ಳಿರಲಿಲ್ಲ, ಅವನು ಕೆಲಸ ಬಲ್ಲ. ಪುಟ ತಿರುಗಿಸಿದ. ವಿಮಾನದ ಚಕ್ರ ಬದಲಿಸಿದ್ದು, ಬ್ರೇಕು ನೋಡಿದ್ದು. ಒಂದು ತಾರೀಖಿನ ಮೇಲೆ ಬೆರಳು ನಿಂತಿತು. ಎದ್ದು ಹೋಗಿ ಹಳೆಯ ಚೀಟಿಗಳ ಕಟ್ಟು ಬಿಚ್ಚಿದ. ಅದೇ ದಿನ ಅವನು ಸಖರಾಯಪಟ್ಟಣದ ತೀರ್ಥಮ್ಮನವರ ತೆಂಗಿನ ತೋಟದಲ್ಲಿ ಮೋಟಾರು ಇಳಿಸಿದ್ದ. ಚೀಟಿಯನ್ನು ಲಾಗ್‌ಬುಕ್ಕಿನ ಪಕ್ಕ ಇಟ್ಟ.

"ಆವತ್ತು ನಾನು ಮುಟ್ಟಿದ್ದು ಇದನ್ನ. ಅತ್ಲಾಗೆ ಆ ಚಕ್ರ ಹಾಕ್ದೋರು ಯಾರು, ಯೋಗಿ?"

"ಯಾರೋ ಹಾಕಿರ್ತಾರೆ ಬಿಡೋ."

"ಹಾಕಿಲ್ದೇನೂ ಇರ್ಬೋದಲ್ಲ."

ಯೋಗಾನಂದ ಲಾಗ್‌ಬುಕ್ಕನ್ನು ಬ್ಯಾಗಿಗೆ ಹಾಕಿಕೊಂಡು, ಕೊಟ್ಟ ಕಾಫಿಯನ್ನೂ ಅರ್ಧಕ್ಕೇ ಬಿಟ್ಟು ಹೊರಟ.

ಮೂರನೆಯ ದಿನ, ಗಡುವು ಮುಗಿಯುವ ದಿನ, ಕಾಂತರಾಜ ಎಂದಿನಂತೆ ಬಾಗಿಲು ತೆಗೆದ. ಹನ್ನೊಂದರ ಹೊತ್ತಿಗೆ ಮೇಲೆ ಸದ್ದಾಯಿತು. ಅಂಗಳಕ್ಕೆ ಬಂದು ನಿಂತ. ಬಿಳಿಯ ಚುಕ್ಕೆ ತರೀಕೆರೆಯ ಕಡೆ ಸಣ್ಣದಾಗುತ್ತ ಹೋಯಿತು.

ಬುತ್ತಿ ತಂದಿದ್ದ ಕೋಮಲಾ ಒಳಗೆ ಹಲಗೆಯ ಮುಂದೆ ನಿಂತು, ಬೆರಳಿಟ್ಟು, ಮೊದಲಿನಿಂದ ಎಣಿಸಿದಳು. ಮೋಟಾರಿನ ಪಕ್ಕದಲ್ಲಿದ್ದ ಚೀಟಿಯ ಎರಡನೆಯ ಸಾಲು ಖಾಲಿಯಿತ್ತು.

"ರೀ, ಒಂದು ಕಮ್ಮಿ ಐತೆ. ಅದು ಬಂದ್ಮೇಲೇ ನಾನು ಸೈನ್ ಹಾಕೋದು."

ಕಾಂತರಾಜ ತಿರುಗಿದ. ಹತ್ತನೇ ನಂಬರಿನ ಸ್ಪ್ಯಾನರು ಅವನ ಮುಷ್ಟಿಯಲ್ಲೇ ಇತ್ತು. ಮೇಲಿನ ಸದ್ದು ಪೂರ್ತಿ ಅಡಗುವವರೆಗೂ ಅವನು ಅದನ್ನು ಬಿಡಲಿಲ್ಲ.