ಕೊಗ್ಗಣ್ಣನ ತಕ್ಲೀದಿ ಕೋವಿ

ಕೊಗ್ಗಣ್ಣನಷ್ಟು ಪುಕ್ಕಲು ಮನುಷ್ಯ ಇಡೀ ಮಸ್ಕತ್ತಿನಲ್ಲಿ ಇನ್ನೊಬ್ಬ ಇರಲಿಲ್ಲ. ಇದು ಚಾಡಿಯಲ್ಲ, ಅವರೇ ಒಪ್ಪಿಕೊಂಡ ಮಾತು. ಲಿಫ್ಟಿನಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಪೊಲೀಸರ ಕಾರು ಕಂಡರೆ, ತಪ್ಪೇನೂ ಮಾಡದಿದ್ದರೂ, ಸೀಟ್ ಬೆಲ್ಟನ್ನು ಇನ್ನೊಮ್ಮೆ ಮುಟ್ಟಿ ನೋಡುತ್ತಿದ್ದರು. ಇಂಥವರ ಕೈಗೆ ಕೋವಿ ಬಂತೆಂದರೆ ಯಾರು ನಂಬಬೇಕು?

ಮುಲ್ಕಿಯ ಕಡೆಯವರು. ತೈಲಬಾವಿಗಳಿಗೆ ವಾಲ್ವು, ಪಂಪುಗಳ ಬಿಡಿಭಾಗ ಒದಗಿಸುವ ಒಂದು ಸಣ್ಣ ಕಂಪನಿಯಲ್ಲಿ ಇಪ್ಪತ್ತಾರು ವರ್ಷದಿಂದ ಸ್ಟೋರ್ ಕೀಪರ್. ಅವರಿಗೊಂದು ವಿದ್ಯೆ ಗೊತ್ತಿತ್ತು, ಸವೆದ ಲೋಹದ ಮೇಲಿನ ಅಚ್ಚು ಓದುವುದು. ಚಾಕಿನ ಪುಡಿ ಉಜ್ಜಿ, ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲ್ ತಿಕ್ಕಿದರೆ ಸಾಕು, ಯಾವ ವಾಲ್ವು, ಯಾವ ಮಾದರಿ, ಅಸಲಿಯೋ ನಕಲಿಯೋ ಎಂದು ಹೇಳಿಬಿಡುತ್ತಿದ್ದರು. ನಕಲಿ ಮಾಲನ್ನು ಒಮ್ಮೆಯೂ ಒಳಗೆ ಬಿಟ್ಟವರಲ್ಲ. ಅದೂ ಧೈರ್ಯದಿಂದಲ್ಲ, ಎಲ್ಲೋ ಮರುಭೂಮಿಯಲ್ಲಿ ವಾಲ್ವು ಸಿಡಿದು ಯಾರಾದರೂ ಸತ್ತರೆ ಎಂಬ ಹೆದರಿಕೆಯಿಂದ.

ಎಣ್ಣೆಯ ದರ ನೆಲಕಚ್ಚಿದ ಕಾಲ ಅದು, ಎರಡು ಸಾವಿರದ ಹದಿನಾರರ ಆರಂಭ. ಆಫೀಸಿನಲ್ಲಿ ಹನ್ನೊಂದು ಜನರಿದ್ದದ್ದು ನಾಲ್ಕಕ್ಕೆ ಇಳಿದಿತ್ತು. ಕೊಗ್ಗಣ್ಣನ ವೀಸಾ ಫೆಬ್ರವರಿ ಕೊನೆಗೆ ಮುಗಿಯುವುದಿತ್ತು. ಮಗಳು ಅಕ್ಷಿತಾಳ ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆ ಮಾರ್ಚಿನಲ್ಲಿ. ವೀಸಾಕ್ಕೆ ಹೊಣೆಗಾರನಾದ ಕಂಪನಿಯ ಧಣಿ, ಅಂದರೆ ಕಫೀಲ್, ಖಲ್ಫಾನ್ ಸಹಿ ಹಾಕದಿದ್ದರೆ ಪರೀಕ್ಷೆಗೆ ಮೊದಲೇ ಮೂವರೂ ಗಂಟುಮೂಟೆ ಕಟ್ಟಬೇಕು, ಹುಡುಗಿಯ ಒಂದು ವರ್ಷ ನೀರಿನಲ್ಲಿ ಹೋಮ. ಕೊಗ್ಗಣ್ಣನಿಗೆ ಅನ್ನ ಇಳಿಯುತ್ತಿರಲಿಲ್ಲ.

ಆ ಹೊತ್ತಿಗೇ ಖಲ್ಫಾನ್ ಕರೆದ. "ಯಾ ಕೋಗಾ," ಅಂದ. ಅವನ ಬಾಯಲ್ಲಿ ಕೊಗ್ಗ ಯಾವಾಗಲೂ ಕೋಗಾ. "ನನ್ನ ಮಗನ ಮದುವೆ. ನನ್ನ ಅಜ್ಜನ ಹತ್ತಿರ ಇಂಗ್ಲಿಷರು ಮಾಡಿದ ಹಳೆಯ ಮಾರ್ಟಿನಿ ಕೋವಿ ಇತ್ತು, ನಾಲ್ಕನೆಯ ಮಾದರಿ. ಅಂಥದ್ದೇ ಒಂದು ಬೇಕು. ಕುಣಿತದಲ್ಲಿ ಮಗ ಹಾರಿಸಬೇಕು. ನೀನು ಬಂದು ಇಂಗ್ಲಿಷ್ ಅಚ್ಚು ಓದಿ ಹೇಳು. ಆಮೇಲೆ ನಿನ್ನ ಕಾಗದದ ವಿಷಯ ನೋಡೋಣ."

ಲೈಸೆನ್ಸೆಲ್ಲ ಖಲ್ಫಾನನ ಹೆಸರಿನಲ್ಲಿ ಸರಿಯಾಗಿಯೇ ಇತ್ತು. ಆದರೂ ಕೊಗ್ಗಣ್ಣನ ಎದೆ ಹಾರಿತು. ಮನೆಗೆ ಬಂದವರೇ ಹೆಂಡತಿಯ ಎದುರು ಕುಸಿದು ಕೂತರು.

"ಕೋವಿ ಅಂತೆ ಮಾರಾಯ್ತಿ! ನಾನು ಊರಲ್ಲಿ ಪಟಾಕಿಗೂ ಬೆಂಕಿ ಕೊಟ್ಟವನಲ್ಲ!"

"ಓದಿ ಹೇಳ್ಲಿಕ್ಕೆ ಅಲ್ವಾ? ಹೊಡೀಲಿಕ್ಕೆ ಅಲ್ಲ. ಸುಮ್ನೆ ಹೋಗಿ ಬನ್ನಿ," ಅಂದಳು ಲೋಲಾಕ್ಷಿ. ಅಂದಳೇನೋ ಸರಿ, ಅವಳ ಕೈಯೂ ದೋಸೆ ಕಾವಲಿಯ ಮೇಲೆ ಹಾಗೇ ನಿಂತಿತ್ತು.

ಎರಡು ವಾರ ಕೊಗ್ಗಣ್ಣ ಫೋನಿನಲ್ಲಿ ಕೋವಿಗಳ ಚಿತ್ರ ನೋಡಿದ್ದೇ ನೋಡಿದ್ದು. ಬೆರಳಿನಿಂದ ಎಳೆಯುವ ಕುದುರೆಯ ಕೆಳಗೆ ಒಂದು ಲಿವರ್. ಅದನ್ನು ಕೆಳಗೆ ತಳ್ಳಿದರೆ ತೋಟಾ ಹಾಕುವ ಬಾಯಿ ತೆರೆಯುತ್ತದೆ. ಮೊದಲ ಮೂರು ಮಾದರಿಗಳಲ್ಲಿ ಲಿವರ್ ಗಿಡ್ಡ, ನಾಲ್ಕನೆಯದರಲ್ಲಿ ಉದ್ದ. ಬಲಮಗ್ಗುಲಲ್ಲಿ ಕಿರೀಟ, ಅದರಡಿಯಲ್ಲಿ ಇಂಗ್ಲೆಂಡಿನ ರಾಣಿಯ ಗುರುತಾದ ವಿ.ಆರ್., ಕಾರ್ಖಾನೆಯ ಊರಾದ ಎನ್‌ಫೀಲ್ಡ್, ಇಸವಿ, ಕೊನೆಗೆ ರೋಮನ್ ಅಂಕಿಯಲ್ಲಿ ಮಾದರಿ. ಊರೂರಿನ ಕಮ್ಮಾರರು ಮೆತ್ತನೆ ಕಬ್ಬಿಣದಲ್ಲಿ ಇದನ್ನೇ ನೋಡಿ ಮಾಡಿದ ನಕಲುಗಳೂ ಬೇಕಾದಷ್ಟು ಇದ್ದವು. ಇಂಗ್ಲಿಷ್ ಬಾರದವರು ಕೊರೆದ ಅಕ್ಷರ ಅಲ್ಲಿ ಸೊಟ್ಟಗಾಗಿರುತ್ತಿತ್ತು.

ಇಬ್ರಾ ಎಂಬ ಊರಿನ ಸೂಕಿನಲ್ಲಿ, ಅಂದರೆ ಪೇಟೆಯಲ್ಲಿ, ಒಂದು ಅಂಗಡಿಯೊಳಗೆ ಐದು ಮಾರ್ಟಿನಿಗಳು ಗೋಡೆಗೆ ಒರಗಿದ್ದವು. ಖಲ್ಫಾನನ ಕಣ್ಣು ಬಿದ್ದದ್ದು ಬೆಳ್ಳಿ ಕಟ್ಟು ಹಾಕಿದ ನಡುವಿನ ಕೋವಿಯ ಮೇಲೆ. ಅದನ್ನು ಎದೆಗೊತ್ತಿಕೊಂಡು, "ನನ್ನ ಅಜ್ಜ ಹೀಗೆಯೇ ಹಿಡಿಯುತ್ತಿದ್ದ," ಅಂದ. ಕಣ್ಣಲ್ಲಿ ನೀರಿತ್ತು.

ಕೊಗ್ಗಣ್ಣ ಬೆವರುವ ಕೈಯಿಂದ ಚಾಕ್ ಉಜ್ಜಿ, ಕಾಗದ ಇಟ್ಟು, ಪೆನ್ಸಿಲ್ ತಿಕ್ಕಿದರು. ಕಿರೀಟ ಎದ್ದಿತು, ವಿ.ಆರ್. ಎದ್ದಿತು. ಎನ್‌ಫೀಲ್ಡಿನ ಎನ್ ಅಕ್ಷರ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿ ಬಿದ್ದಿತ್ತು. ಲಿವರ್ ಉದ್ದವಾಗಿತ್ತು, ಅಂದರೆ ನಾಲ್ಕನೆಯ ಮಾದರಿ. ಅಚ್ಚಿನಲ್ಲಿ ಮಾತ್ರ ಎರಡು ಎಂದಿತ್ತು. ಅನುಮಾನವೇ ಇಲ್ಲ, ನಕಲಿ.

ಹೇಳಿದರೆ ಕಫೀಲನ ಸಂತೋಷಕ್ಕೆ ಕಲ್ಲು. ಅಂಗಡಿಯ ಮುದುಕ ಬೇರೆ ದಿಟ್ಟಿಸುತ್ತ ಕೂತಿದ್ದ. 'ಡೂಪ್ಲಿಕೇಟ್' ಅಂದರೆ ಜಗಳವೇ. ಇಷ್ಟು ದೊಡ್ಡ ಮಾತನ್ನು ಅವರದೇ ಭಾಷೆಯಲ್ಲಿ ಮರ್ಯಾದೆಯಿಂದ ಹೇಳೋಣವೆಂದು ಕೊಗ್ಗಣ್ಣ ತನಗೆ ಗೊತ್ತಿದ್ದ ಅರಬ್ಬಿ ಹುಡುಕಿದರು. ಅನುಕರಣೆಗೆ 'ತಕ್ಲೀದ್' ಎನ್ನುವುದನ್ನು ಬಂದರಿನಲ್ಲಿ ಕೇಳಿದ್ದರು. ನಕಲಿನಿಂದ ನಕಲಿ ಆದ ಮೇಲೆ ತಕ್ಲೀದಿನಿಂದ ಇನ್ನೇನು ಆಗಬೇಕು?

"ಅರ್ಬಾಬ್," ಎಂದು ಧಣಿಯನ್ನು ಕರೆದು ಅಂದರು ಮೆಲ್ಲಗೆ, "ಇದು ತಕ್ಲೀದಿ."

ಖಲ್ಫಾನನ ಮುಖ ಅರಳಿಹೋಯಿತು! "ತಕ್ಲೀದಿ! ಅಲ್ಹಮ್ದುಲಿಲ್ಲಾಹ್!" ಎಂದು ಕೊಗ್ಗಣ್ಣನ ಬೆನ್ನು ತಟ್ಟಿದ. ಕೋವಿ ಅಲ್ಲೇ ಖರೀದಿಯಾಯಿತು. "ಮದುವೆ ಮುಗಿಯಲಿ, ನಿನ್ನ ಕಾಗದಕ್ಕೆ ಸಹಿ. ಖಲಾಸ್."

ನಕಲಿ ಎಂದರೂ ಇಷ್ಟು ಖುಷಿ ಪಡುವ ಮನುಷ್ಯನನ್ನು ಕೊಗ್ಗಣ್ಣ ಕಂಡಿರಲಿಲ್ಲ. ಬರೀ ತೋರಿಕೆಗೆ ಇರಬೇಕು, ಹಾರಿಸಲಿಕ್ಕೆ ಬೇರೆ ತರುತ್ತಾನೆ ಎಂದುಕೊಂಡರು. ಆ ವಾರ ಅವರು ನೆಟ್ಟಗೆ ಉಂಡರು, ಪಾಪ.

ಮದುವೆಯ ಹಿಂದಿನ ದಿನ, ಗುರುವಾರ ಮಧ್ಯಾಹ್ನ, ಆಮಂತ್ರಣದ ಜೊತೆ ಹಲ್ವಾದ ಡಬ್ಬ ಮನೆಗೆ ಬಂತು. ಶಾಲೆಯಲ್ಲಿ ಅರಬ್ಬಿ ಕಲಿತಿದ್ದ ಅಕ್ಷಿತಾ ಮುಚ್ಚಳದ ಮೇಲಿದ್ದುದನ್ನು ಓದಿದಳು. "ಹಲ್ವಾ ಒಮಾನಿಯಾ ತಕ್ಲೀದಿಯಾ."

"ಎಂತದು? ನಕಲಿ ಹಲ್ವಾ ಅಂತ ಡಬ್ಬದ ಮೇಲೇ ಬರೆದಿದ್ದಾರಾ?" ಕೊಗ್ಗಣ್ಣ ನಕ್ಕರು.

"ಅಯ್ಯೋ ಪಪ್ಪಾ, ನೋ! ತಕ್ಲೀದ್ ಅಂದ್ರೆ ಫೇಕ್. ತಕ್ಲೀದಿ ಅಂದ್ರೆ ಟ್ರೆಡಿಷನಲ್. ಸಂಪ್ರದಾಯದ್ದು!"

ಹಲ್ವಾದ ಚಮಚ ಕೊಗ್ಗಣ್ಣನ ಬಾಯಿಯ ಹತ್ತಿರವೇ ನಿಂತಿತು. ಹಾಗಾದರೆ ಕಫೀಲ್ ಕೇಳಿಸಿಕೊಂಡದ್ದು 'ಇದು ನಿಮ್ಮ ಪರಂಪರೆಯ ಕೋವಿ' ಎಂದು! ನಾಳೆ ಮದುಮಗ ಆ ಮೆತ್ತನೆ ಕಬ್ಬಿಣದೊಳಗೆ ಮದ್ದು ತುಂಬಿ, ಕೆನ್ನೆಗೆ ಒತ್ತಿ, ಕುದುರೆ ಎಳೆಯುತ್ತಾನೆ. ಅದು ನಕಲಿ ವಾಲ್ವಿನ ಹಾಗೆ ಸಿಡಿದರೆ?

ಫೋನ್ ಮಾಡಿದರು. ಎತ್ತಲಿಲ್ಲ. ಹತ್ತು ಸಲ ಮಾಡಿದರು. ಮದುವೆ ಮನೆಯಲ್ಲಿ ಯಾರು ಎತ್ತುತ್ತಾರೆ? ಎತ್ತದೆ ಹೋದಾಗ ಕೊಗ್ಗಣ್ಣನಿಗೆ ಒಳಗೊಳಗೇ ಸಮಾಧಾನವೂ ಆಯಿತು. ಆಯಿತಲ್ಲ ಎಂದು ನಾಚಿಕೆಯೂ ಆಯಿತು.

"'ಅಸಲಿ ಅಲ್ಲ' ಅಂದಿದ್ರೆ ಮುಗೀತಿತ್ತಲ್ಲ ಮಾರಾಯ್ರೆ!" ಲೋಲಾಕ್ಷಿ ಹಣೆ ಚಚ್ಚಿಕೊಂಡಳು. "ಈಗ ಹೋಗಿ ನೆಂಟರ ಎದುರು ನಕಲಿ ಅಂತ ಹೇಳಿದ್ರೆ ಅವ್ರ ಮರ್ಯಾದೆ ಹೋಗುದಿಲ್ವಾ? ಸಹಿ ಹಾಕ್ತಾರಾ? ಮಗಳ ಪರೀಕ್ಷೆ ಉಂಟು, ನೆನಪುಂಟಾ?"

"ಉಂಟು. ಅವರಿಗೂ ಮಗ ಉಂಟಲ್ಲ," ಅಂದರು ಕೊಗ್ಗಣ್ಣ.

ಶುಕ್ರವಾರ ಮಧ್ಯಾಹ್ನ ಮದುವೆಯಿದ್ದ ಇಬ್ರಾದ ದಾರಿಯಲ್ಲಿ ಎರಡು ಸಲ ಕಾರು ನಿಲ್ಲಿಸಿ ವಾಪಸು ತಿರುಗಿಸಲು ನೋಡಿದರು. ತಲುಪಿದಾಗ ಕುಣಿತ ಶುರುವಾಗಿತ್ತು. ಬಿಳಿ ದಿಶ್‌ದಾಶಾ ತೊಟ್ಟ ನೂರಾರು ಗಂಡಸರು ಎದುರುಬದುರು ಸಾಲು ನಿಂತಿದ್ದರು, ಡೋಲು ಬಡಿಯುತ್ತಿತ್ತು. ಮದುಮಗ ಬೆಳ್ಳಿಕಟ್ಟಿನ ಕೋವಿಯ ಲಿವರ್ ಕೆಳಗೆ ತಳ್ಳಿದ್ದ.

ಕೊಗ್ಗಣ್ಣ ಓಡಿದರು. ಐವತ್ತೆರಡರ ಮನುಷ್ಯ, ಒಂದು ಚಪ್ಪಲಿ ಹಿಂದೆಯೇ ಬಿತ್ತು. ಸಾಲು ಸೀಳಿ ಹೋಗಿ ಹುಡುಗನ ಕೈ ಹಿಡಿದುಬಿಟ್ಟರು. "ತಕ್ಲೀದ್! ತಕ್ಲೀದಿ ಅಲ್ಲ! ಡೂಪ್ಲಿಕೇಟ್ ಅರ್ಬಾಬ್, ಡೂಪ್ಲಿಕೇಟ್!"

ಡೋಲು ನಿಂತಿತು. ಖಲ್ಫಾನನ ಮುಖ ಕಪ್ಪಿಟ್ಟಿತು. ಕೊಗ್ಗಣ್ಣ ಜೇಬಿನಿಂದ ಪೆನ್ಸಿಲ್ ತಿಕ್ಕಿದ ಕಾಗದ ತೆಗೆದು ತಿರುಗಿದ ಎನ್ ತೋರಿಸಿದರು. ಕಾಗದ ಗಡಗಡ ನಡುಗುತ್ತಿದ್ದುದರಿಂದ ಯಾರಿಗೂ ಏನೂ ಕಾಣಲಿಲ್ಲ. "ಸ್ಟೋರಿನಲ್ಲಿ ನಾವು ವಾಲ್ವಿಗೆ ಟೆಸ್ಟ್ ಮಾಡುವುದಿಲ್ಲವಾ ಅರ್ಬಾಬ್? ಒಮ್ಮೆ ಮರಕ್ಕೆ ಕಟ್ಟಿ ಹಾರಿಸಿ. ನನ್ನದು ತಪ್ಪಾದರೆ ನಾಳೆಯೇ ವೀಸಾ ಕ್ಯಾನ್ಸಲ್ ಮಾಡಿ ಕಳಿಸಿ."

ಕೋವಿಯನ್ನು ಖರ್ಜೂರದ ಮರಕ್ಕೆ ಕಟ್ಟಿದರು. ಗುಂಡಿಲ್ಲದ ತೋಟಾ ಹಾಕಿ, ದೂರದಿಂದ ಹಗ್ಗ ಎಳೆದರು. ಢಮಾರ್! ಹೊಗೆ ಹೋಯಿತು, ಕೋವಿ ಹಾಗೇ ಇತ್ತು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಕೊಗ್ಗಣ್ಣನ ಕಣ್ಣ ಮುಂದೆ ಅಕ್ಷಿತಾಳ ಹಾಲ್ ಟಿಕೆಟ್ ಹರಿದುಹೋಯಿತು. ಮದುಮಗ ಕೋವಿ ಬಿಚ್ಚಲು ಹೊರಟ.

"ಇನ್ನೊಂದು," ಅಂದರು ಕೊಗ್ಗಣ್ಣ. ಬೆರಳು ತೋರಿಸಿದರು. "ಅರ್ಬಾಬ್, ಇನ್ನೊಂದೇ ಒಂದು."

ಎರಡನೆಯ ಸಲ ಹಗ್ಗ ಎಳೆದಾಗ ಬಂದ ಸದ್ದೇ ಬೇರೆ. ಲಿವರ್ ಹಾರಿ ಗೋಡೆಯಾಚೆ ಬಿತ್ತು. ಹಿಂಬದಿಯ ಕಬ್ಬಿಣ ಬಾಯಿ ಬಿಟ್ಟು, ಅಂಗೈಯಗಲದ ಚೂರೊಂದು ಮರದೊಳಗೆ ಹೂತಿತ್ತು. ಮದುಮಗ ಅದರ ಪಕ್ಕ ಹೋಗಿ ನಿಂತ. ಚೂರು ಅವನ ಕೆನ್ನೆಯ ಎತ್ತರದಲ್ಲೇ ಇತ್ತು.

ಖಲ್ಫಾನ್ ಬಂದು ಕೊಗ್ಗಣ್ಣನ ಕೈ ಹಿಡಿದುಕೊಂಡ. ಈ ಸಲ ನಡುಗುತ್ತಿದ್ದದ್ದು ಅವನ ಕೈ. "ಇಷ್ಟು ಜನರ ನಡುವೆ ನುಗ್ಗಿದೆಯಲ್ಲ ಕೋಗಾ, ನಿನಗೆ ಹೆದರಿಕೆಯೇ ಇಲ್ಲವಾ?"

"ಹೆದರಿಕೆ ತಡೆಯಲಾರದೆಯೇ ಬಂದದ್ದು ಅರ್ಬಾಬ್," ಅಂದವರು ನೆಲದಲ್ಲೇ ಕೂತರು.

ಖಲ್ಫಾನ್ ಹಿರಿಯರ ಕಡೆ ತಿರುಗಿ, ಕೊಗ್ಗಣ್ಣನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ. ಅಷ್ಟುದ್ದದ ಅರಬ್ಬಿಯಲ್ಲಿ ಕೊಗ್ಗಣ್ಣನಿಗೆ ಅರ್ಥವಾದದ್ದು ಒಂದೇ ಪದ. ಅದಕ್ಕೆ ಅಕ್ಷಿತಾ ಬೇಕಾಗಲಿಲ್ಲ. ಖಲ್ಫಾನ್ ಅಂದದ್ದು, "ಅಸ್ಲಿ."

ಭಾನುವಾರ ಬೆಳಿಗ್ಗೆ ಸ್ಟೋರಿನ ಮೇಜಿನ ಮೇಲೆ ವೀಸಾದ ಕಾಗದ ಇತ್ತು, ಸಹಿ ಬಿದ್ದಿತ್ತು. ಕೊಗ್ಗಣ್ಣ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಪರೀಕ್ಷಿಸಿದರು. ಆಮೇಲೆ ಮನೆಗೆ ಫೋನ್ ಮಾಡಿ, ಮಗಳಿಗೆ ಓದಲಿಕ್ಕೆ ಹೇಳು ಅಂದರು.