ಕಿರುನಾಲಿಗೆ ಎತ್ತುವ ಕೈ

ಕಾಳುಮೆಣಸಿನ ಪುಡಿಗೆ ಉಪ್ಪು ಬೆರೆಸಿದ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮದೂ ಜುಬೇದಮ್ಮನದೂ ಒಂದೇ ಗೋಡೆಯ ಬಾಡಿಗೆ ಮನೆಗಳು. ಅವರ ಯಜಮಾನರ ಬಳೆ ಅಂಗಡಿಯ ಮುಂದೆ ಕೆಂಪು ಕಾಯಿನ್ ಬಾಕ್ಸ್ ಫೋನು ನೇತಾಡುತ್ತಿದ್ದ ಕಾಲ. ಮಕ್ಕಳಿಗೆ ಕೆಮ್ಮು ಬಿಡದಿದ್ದರೆ ಕಿರುನಾಲಿಗೆ ಬಿದ್ದಿದೆ ಎಂಬುದೇ ನಮ್ಮ ಬೀದಿಯ ತೀರ್ಮಾನ. ಜುಬೇದಮ್ಮ ಚಮಚದ ತುದಿಯಲ್ಲಿ ಆ ಪುಡಿ ಹಿಡಿದು, ಗಂಟಲ ಬಾಗಿಲಲ್ಲಿ ಜೋಲುವ ಆ ತುಣುಕಿಗೆ ಮುಟ್ಟಿಸಿ, ನೆತ್ತಿಯ ಕೂದಲನ್ನು ಬೆರಳಿಗೆ ಸುತ್ತಿ ಮೇಲಕ್ಕೆ ಎಳೆಯುತ್ತಿದ್ದರು. ಕಣ್ಣಲ್ಲಿ ನೀರು ಬರುತ್ತಿತ್ತು; ಆಮೇಲೆ ಬಾಯಿಗೊಂದು ಚೂರು ಬೆಲ್ಲ ಬೀಳುತ್ತಿತ್ತು. ಬೆಲ್ಲದಾಸೆಗೆ ನಾನು ಸುಳ್ಳು ಕೆಮ್ಮು ಕೆಮ್ಮಿದ್ದೂ ಇದೆ.

ಅವರ ಮನೆಮಾತಿನಲ್ಲಿ ಕಿರುನಾಲಿಗೆಗೆ ಕವ್ವಾ ಎನ್ನುತ್ತಿದ್ದರು. ಕವ್ವಾ ಎಂದರೆ ಕಾಗೆ. ಅಮ್ಮನಿಗೆ ಇದಕ್ಕಿಂತ ದೊಡ್ಡ ತಮಾಷೆ ಇರಲಿಲ್ಲ. "ಬಾಯೊಳಗೆ ಕಾಗೆ ಎಂತಕ್ಕೆ ಮಾರಾಯ್ತಿ?" ಎಂದು ಕೆಣಕುತ್ತಿದ್ದಳು. ಜುಬೇದಮ್ಮನೂ ಬಿಡುತ್ತಿರಲಿಲ್ಲ: "ನಿಮ್ಗೆ ಎರಡೆರಡು ನಾಲಿಗೆ. ಅದ್ಕೇ ಇಷ್ಟು ಮಾತು."

ಅಂಥ ಅಮ್ಮನ ದನಿ ಒಂದು ವರ್ಷ ಒಡೆಯಿತು. ನುಂಗಿದರೆ ನೋವು. ಕಿರುನಾಲಿಗೆಯೇ ಎಂದರು ಎಲ್ಲರೂ. ಅಮ್ಮನೂ ಹಾಗೇ ನಂಬಿ ಜುಬೇದಮ್ಮನ ಮುಂದೆ ಮಣೆ ಹಾಕಿಕೊಂಡು ಕೂತಳು. ಎಳೆದರು, ವಾರ ಬಿಟ್ಟು ಮತ್ತೆ ಎಳೆದರು. ಮಳೆಗಾಲವೆಲ್ಲ ಹೀಗೇ ಕಳೆಯಿತು. ಡಾಕ್ಟರಿಗೆ ತೋರಿಸಬೇಕಿದ್ದ ತಿಂಗಳುಗಳು ಅವು. ಯಾರ ಮೇಲೆ ಸಿಟ್ಟು ಮಾಡಲಿ? ಕೊನೆಗೆ ಶಿವಮೊಗ್ಗದ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಕಿರುನಾಲಿಗೆ ನೆಟ್ಟಗೇ ಇದೆ, ಗಡ್ಡೆ ಇರುವುದು ಅದಕ್ಕಿಂತ ಕೆಳಗೆ ಎಂದರು. ಅಮ್ಮ ಅಲ್ಲೂ ಬಿಡದೆ ಕಿರುನಾಲಿಗೆಯ ಇಂಗ್ಲಿಷ್ ಹೆಸರು ಕೇಳಿದಳು. ಯುವುಲ, ಲ್ಯಾಟಿನ್ನಿನಿಂದ ಬಂದದ್ದು, ಪುಟ್ಟ ದ್ರಾಕ್ಷಿ ಎಂದು ಅರ್ಥವಂತೆ. ಮನೆಗೆ ಬಂದವಳೇ, ಉಳಿದಿದ್ದ ಚೂರು ದನಿಯಲ್ಲಿ, "ಜುಬೇದಮ್ಮ, ಇಂಗ್ಲಿಷಿನವ್ರ ಬಾಯಲ್ಲಿ ದ್ರಾಕ್ಷಿಯಂತೆ ಕಣ್ರೀ. ನಿಮ್ಮ ಕಾಗೆಗೆ ತಿನ್ನಕ್ಕಾಯ್ತು," ಎಂದಳು. ಜುಬೇದಮ್ಮ ನಗಲಿಲ್ಲ. ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತ ನಿಂತಿದ್ದರು.

ಔಷಧಿಗೆ ಅಮ್ಮನ ಕೂದಲೆಲ್ಲ ಉದುರಿತು. ಮರುವರ್ಷದ ಮಳೆಯನ್ನು ಅವಳು ನೋಡಲಿಲ್ಲ.

ಮೊನ್ನೆ ಕೆಮ್ಮುತ್ತಿದ್ದ ಮಗಳನ್ನು ಕರೆದುಕೊಂಡು ಜುಬೇದಮ್ಮನ ಈಗಿನ ಮನೆಗೆ ಹೋಗಿದ್ದೆ. ಬಳೆ ಅಂಗಡಿಯಿಲ್ಲ, ನಾವಿದ್ದ ಮನೆಯೂ ಇಲ್ಲ. ಜುಬೇದಮ್ಮ ಕೈಯನ್ನು ಮಗುವಿನ ನೆತ್ತಿಯವರೆಗೆ ತಂದರು. ಅಲ್ಲೇ ತಡೆದು ಹಿಂದಕ್ಕೆ ತೆಗೆದುಕೊಂಡರು. "ಡಾಕ್ಟ್ರಿಗೆ ತೋರ್ಸು ಮಗಾ, ಇವತ್ತೇ ತೋರ್ಸು," ಎಂದು ಅವಳ ಬಾಯಿಗೆ ಬೆಲ್ಲವನ್ನಷ್ಟೇ ಇಟ್ಟರು. ಅವರು ಹೇಳಿದ್ದು ಸರಿ. ಆದರೂ ಆ ಬೆರಳು ಒಮ್ಮೆ ನನ್ನ ನೆತ್ತಿಯ ಕೂದಲನ್ನಾದರೂ ಹಿಡಿದೆಳೆಯಬಾರದಿತ್ತೇ ಅನ್ನಿಸಿ, ಯಾರೂ ಎಳೆಯದೆಯೇ ಕಣ್ಣಲ್ಲಿ ನೀರು ಬಂತು.