ಡೋನಲ್ ‘ಗ್ರ್ಯಾಂಡ್’ ಅನ್ನುವುದನ್ನು ಬಿಟ್ಟ ವರ್ಷ

ಪಕ್ಕದ ಮನೆಯ ಡೋನಲ್ ಹರ್ಲಿಯವರ ಮೇಲೆ ನನಗೆ ಬಂದಷ್ಟು ಸಿಟ್ಟು ಐರ್ಲೆಂಡಿನ ಈ ಇಡೀ ಕಾರ್ಕ್ ಊರಲ್ಲಿ ಇನ್ನೊಬ್ಬರ ಮೇಲೆ ಬಂದಿಲ್ಲ. ಎಪ್ಪತ್ತಮೂರು ವರ್ಷದ ಮನುಷ್ಯ. ಬಲಗೈ ನಡುಗಿ ಅರ್ಧ ಚಹಾ ಸಾಸರಿಗೆ ಚೆಲ್ಲಿರುತ್ತದೆ, ಹೇಗಿದ್ದೀರಿ ಎಂದರೆ ಮಾತ್ರ “ಗ್ರ್ಯಾಂಡ್!” ಅಂದರೆ ಇಲ್ಲಿನವರ ಮಾತಿನಲ್ಲಿ ‘ಚೆನ್ನಾಗಿದ್ದೀನಿ’. ಇಪ್ಪತ್ತಾರು ವರ್ಷ ಸಿಟಿ ಬಸ್ ಓಡಿಸಿದವರು. ಬಸ್ ಹತ್ತುವವರೆಲ್ಲ ಡ್ರೈವರನ್ನು ಹೇಗಿದ್ದೀಯ ಎಂದು ಕೇಳುವ ಊರಿದು. ಎಲ್ಲರಿಗೂ ಅದೊಂದೇ ಉತ್ತರ ಕೊಟ್ಟು ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. ಹಾಗೆ ನೋಡಿದರೆ ನಾನೇನು ಕಡಿಮೆ? ಹುಬ್ಬಳ್ಳಿಯಿಂದ ನಮ್ಮ ಅಬ್ಬಾ ಫೋನ್ ಮಾಡಿದಾಗಲೆಲ್ಲ, ಜ್ವರ ಬಂದು ಮಲಗಿದ್ದರೂ “ಆರಾಮ್ ಅದೀನಿ” ಅಂದವಳೇ. ಆದರೆ ಬೇರೆಯವರ ಹುಳುಕು ಬೇಗ ಕಾಣುತ್ತದೆ.

ಬಸ್ಸಿಗೆ ಮುಂಚೆ ಡೋನಲ್ ಸೈನಿಕರಾಗಿದ್ದರು. ಹತ್ತೊಂಬತ್ತನೇ ವಯಸ್ಸಿಗೆ ಕೆಲಸ ಹುಡುಕಿಕೊಂಡು ಬಾಸ್ಟನ್‌ಗೆ ಹೋದವರನ್ನು ಅಮೆರಿಕ ಕಡ್ಡಾಯವಾಗಿ ಸೇನೆಗೆ ಸೇರಿಸಿ ವಿಯೆಟ್ನಾಂಗೆ ಕಳಿಸಿತು. ಅಲ್ಲಿ ಹನ್ನೊಂದು ತಿಂಗಳು ಕಿತ್ತಳೆ ಪಟ್ಟಿಯ ಪೀಪಾಯಿಗಳನ್ನು ವಿಮಾನಕ್ಕೆ ಏರಿಸುವ ಕೆಲಸ. ಒಳಗಿದ್ದದ್ದು ಕಾಡಿನ ಎಲೆಯನ್ನೆಲ್ಲ ಉದುರಿಸುವ ವಿಷ. ಸೋರುವ ಪೀಪಾಯಿ ಉರುಳಿಸಿ ಉರುಳಿಸಿ ಅಂಗಿ ತೊಯ್ದುಹೋಗುತ್ತಿತ್ತಂತೆ. ಖಾಲಿಯಾದವುಗಳಲ್ಲೇ ನೀರು ತುಂಬಿಸಿ ಸ್ನಾನ ಮಾಡಿದ್ದರಂತೆ. ಯಾರೂ ಬೇಡ ಅಂದಿರಲಿಲ್ಲ.

ಅದಾಗಿ ಐವತ್ತು ವರ್ಷದ ಮೇಲೆ ಪಾರ್ಕಿನ್ಸನ್ ಕಾಯಿಲೆ ಬಂತು. ಆ ವಿಷ ತಗುಲಿದ ಸೈನಿಕರಿಗೆ ಈ ರೋಗ ಬಂದರೆ ಅಮೆರಿಕ ಅಂಗವೈಕಲ್ಯದ ಪಿಂಚಣಿ ಕೊಡುತ್ತದೆ. ಡೋನಲ್ ಅರ್ಜಿ ಹಾಕಿದ್ದು ಒಂದೇ ಕಾರಣಕ್ಕೆ. ಪಿಂಚಣಿ ಬಂದರೆ ಮನೆಗೇ ಬಂದು ನೋಡಿಕೊಳ್ಳುವವರನ್ನು ಇಟ್ಟುಕೊಳ್ಳಬಹುದು, ಇಲ್ಲದಿದ್ದರೆ ವಯಸ್ಸಾದವರನ್ನು ಇಟ್ಟು ನೋಡಿಕೊಳ್ಳುವ ನರ್ಸಿಂಗ್ ಹೋಮ್ ಸೇರಬೇಕು. 2020ರ ಏಪ್ರಿಲ್‌ನಲ್ಲಿ ಅವರ ಅಣ್ಣ ನರ್ಸಿಂಗ್ ಹೋಮಿನಲ್ಲೇ ಕೋವಿಡ್‌ನಿಂದ ತೀರಿಕೊಂಡಿದ್ದರು. ಕಿಟಕಿಯಾಚೆ ನಿಂತು ಕೈಬೀಸಿದ್ದೇ ಕೊನೆ. ಅಂಥ ಜಾಗಕ್ಕೆ ಹೋಗಲು ಅವರಿಗೆ ಭಯ. ಅವರನ್ನು ಕಳಿಸಲು ನನಗೂ ಭಯವೇ.

ಆ ಅಕ್ಟೋಬರಿನಲ್ಲಿ ಅಮೆರಿಕದ ಪರವಾಗಿ ಒಬ್ಬ ಡಾಕ್ಟರು ಫೋನಿನಲ್ಲೇ ಪರೀಕ್ಷೆ ಮುಗಿಸಿದರು. ಜನವರಿಯಲ್ಲಿ ಪತ್ರ ಬಂತು: ರೋಗವನ್ನು ಒಪ್ಪಿದ್ದೇವೆ, ಆದರೆ ದಿನನಿತ್ಯದ ಕೆಲಸಕ್ಕೆ ತೊಂದರೆಯಿಲ್ಲವೆಂದು ಅರ್ಜಿದಾರರೇ ಹೇಳಿದ್ದಾರೆ. ಹಾಗಾಗಿ ಸಿಕ್ಕಿದ್ದು ತೀರಾ ಕೆಳಗಿನ ದರ್ಜೆ. ಅದರಲ್ಲಿ ಯಾರನ್ನೂ ಇಟ್ಟುಕೊಳ್ಳಲಾಗದು.

“ಡಾಕ್ಟ್ರು ಏನ್ ಕೇಳಿದ್ರು?” ಎಂದೆ, ನಮ್ಮಿಬ್ಬರ ಮನೆಯ ನಡುವಿನ ಮೋಟುಗೋಡೆಯ ಈಚೆ ನಿಂತು. ಕೋವಿಡ್ ಬಂದಮೇಲೆ ಒಬ್ಬರ ಮನೆಯೊಳಗೊಬ್ಬರು ಹೋಗದೆ ನಮ್ಮ ಮಾತೆಲ್ಲ ಅಲ್ಲೇ.

“ಶರ್ಟ್ ಬಟನ್ ಹಾಕ್ಕೊಳ್ಳೋಕಾಗುತ್ತಾ ಅಂದ್ರು. ಗ್ರ್ಯಾಂಡ್ ಅಂದೆ. ಪಾಪ, ಅಷ್ಟು ಕೆಲಸದ ಮಧ್ಯೆ ಫೋನ್ ಮಾಡಿದಾರೆ, ಗೋಳು ಹೇಳ್ಕೊಂಡು ಕೂರೋದಾ?”

ಹಣೆ ಹಣೆ ಚಚ್ಚಿಕೊಂಡೆ.

ನಾನು ಲಿಟಲ್ ಐಲ್ಯಾಂಡ್‌ನ ಒಂದು ಔಷಧ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವಳು. ಬರೆಯದೇ ಇದ್ದದ್ದು ನಡೆದೇ ಇಲ್ಲ ಎಂಬುದು ನಮ್ಮ ಧರ್ಮ. ತಪ್ಪು ಬರೆದರೆ ಅಳಿಸುವಂತಿಲ್ಲ, ಗೀಚುವಂತಿಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಸಹಿ, ತಾರೀಖು ಹಾಕಬೇಕು. ವರ್ಷದೊಳಗೆ ಹೊಸ ಪುರಾವೆ ಕೊಟ್ಟು ಮತ್ತೆ ಕೇಳಬಹುದು ಎಂದು ಪತ್ರದಲ್ಲೇ ಇತ್ತು. ಗೋಡೆಯ ಮೇಲೆ ಒಂದು ನೋಟ್‌ಬುಕ್ ಇಟ್ಟು, ದಿನದಿನದ ಕಷ್ಟ ಬರೆದಿಡಿ ಎಂದು ನಮ್ಮ ನಿಯಮವನ್ನೆಲ್ಲ ಹೇಳಿಕೊಟ್ಟೆ.

ಒಂದು ವಾರ ಬಿಟ್ಟು ನೋಡಿದರೆ: ಸೋಮವಾರ, ಗ್ರ್ಯಾಂಡ್. ಮಂಗಳವಾರ, ಗ್ರ್ಯಾಂಡ್, ಮಳೆ.

“ಹೇಗಿದೀರಿ ಅಂತ ಯಾರು ಕೇಳಿದ್ರು? ಇವತ್ತು ಕಾಲುಚೀಲ ಹಾಕ್ಕೊಳ್ಳೋಕೆ ಎಷ್ಟೊತ್ತು ಹಿಡೀತು, ಹೇಳಿ.”

ಅವರು ನೆಲ ನೋಡಿದರು. “ಮೂವತ್ತೈದು ನಿಮಿಷ.”

“ಅದನ್ನ ಬರೀರಿ!”

“ನಮ್ಮ ಸಾರ್ಜೆಂಟ್ ಕೂಡ ಇಷ್ಟು ಬೈತಿರ್ಲಿಲ್ಲ ದಿಲ್ಶಾದ್,” ಎಂದು ಗೊಣಗುತ್ತಲೇ ‘ಗ್ರ್ಯಾಂಡ್’ ಮೇಲೆ ಸೊಟ್ಟಗೆ ಒಂದು ಗೆರೆ ಎಳೆದು ಸಹಿ ಹಾಕಿದರು. ಅಲ್ಲಿಂದ ದಿನವೂ ಬರೆದರು.

ಜೂನ್‌ನಲ್ಲಿ ಎರಡನೇ ಪರೀಕ್ಷೆ, ಈ ಸಲ ವಿಡಿಯೋದಲ್ಲಿ. ನಾನು ಮಾಸ್ಕ್ ಹಾಕಿಕೊಂಡು ಅವರ ಅಡುಗೆಮನೆಯ ತೆರೆದ ಕಿಟಕಿಯ ಹೊರಗೆ ನಿಂತೆ. ಹೇಗಿದ್ದೀರಿ ಎಂದು ಡಾಕ್ಟರು ಕೇಳಿದ್ದೇ ತಡ, “ಗ್ರ್ಯಾಂಡ್” ಅಂದೇಬಿಟ್ಟರು! ಗಾಜಿಗೆ ರಪ್ಪನೆ ಬಡಿದೆ. ಡೋನಲ್ ನನ್ನ ಕಡೆ ನೋಡಿದರು, ಆಮೇಲೆ ನೋಟ್‌ಬುಕ್ ತೆರೆದರು.

“ಇಲ್ಲ ಡಾಕ್ಟ್ರೇ. ಅದನ್ನ ಹೊಡೆದುಹಾಕಿ. ಬರೆದಿರೋದನ್ನ ಓದ್ತೀನಿ.”

ಓದಿದರು. ಬಿದ್ದದ್ದು, ಚೆಲ್ಲಿದ್ದು, ಗುಂಡಿ ಹಾಕಲಾಗದೆ ಸ್ವೆಟರ್‌ನಲ್ಲೇ ಮಲಗಿದ್ದು. ಒಂದು ಪುಟವನ್ನು ಮಾತ್ರ ತಡೆತಡೆದು ಓದಿದರು. “ಏಪ್ರಿಲ್ ಹದಿನೇಳು. ಅಣ್ಣ ಹೋಗಿ ವರ್ಷ. ಪ್ರಾರ್ಥನೆ ಕಂಪ್ಯೂಟರ್‌ನಲ್ಲಿ. ಟೈ ಕಟ್ಟೋಕೆ ನಲವತ್ತು ನಿಮಿಷ ನೋಡ್ದೆ, ಆಗ್ಲಿಲ್ಲ. ಹಾಗೇ ಕೂತೆ.” ಡಾಕ್ಟರು ಅವಸರ ಮಾಡಲಿಲ್ಲ. ಟೈಪ್ ಮಾಡುವ ಸದ್ದು ನನಗೂ ಕೇಳುತ್ತಿತ್ತು.

ಸೆಪ್ಟೆಂಬರಿನಲ್ಲಿ ಪತ್ರ ಬಂತು. ದರ್ಜೆ ಏರಿಸಿದ್ದರು, ನೋಡಿಕೊಳ್ಳುವವರ ಖರ್ಚನ್ನೂ ಸೇರಿಸಿ. ಡೋನಲ್ ತಮ್ಮ ಮನೆಯಲ್ಲೇ ಇರುತ್ತಾರೆ! ನಾನು ಗೋಡೆಯ ಈಚೆ ಕುಣಿದೇಬಿಟ್ಟೆ. ಅವರು ನೋಟ್‌ಬುಕ್ ನನ್ನ ಕಡೆ ತಳ್ಳಿದರು.

“ಕೊನೇ ಸಹಿ ಕ್ವಾಲಿಟಿಯವರದ್ದೇ ಅಲ್ವಾ? ಎಲ್ಲಾ ಸರಿ ಇದೆಯಾ ನೋಡು.”

ಹಾಳೆ ತಿರುಗಿಸುತ್ತ ಹೋದೆ. ಮೇ ಹದಿನಾಲ್ಕರ ಪುಟಕ್ಕೆ ಬಂದು ಕೈ ನಿಂತಿತು. ‘ದಿಲ್ಶಾದ್ ಮೂರು ದಿನ ಗೋಡೆಯ ಹತ್ತಿರ ಬಂದಿರಲಿಲ್ಲ. ಇವತ್ತು ಬಂದಳು. ಕಣ್ಣು ಊದಿತ್ತು. ಹೇಗಿದ್ದೀಯ ಎಂದೆ. ಗ್ರ್ಯಾಂಡ್ ಅಂದಳು.’ ಆ ಪದದ ಮೇಲೆ ಒಂದೇ ಗೆರೆ, ಸಹಿ, ತಾರೀಖು. ಪಕ್ಕದಲ್ಲಿ ಬರೆಯಬೇಕಾದ ಸರಿಯಾದ ಉತ್ತರದ ಜಾಗ ಖಾಲಿ.

ತಲೆ ಎತ್ತಿದೆ. ಅವರು ಕಾಯುತ್ತಿದ್ದರು.

“ಅಬ್ಬಾ ಹೋದ್ರು,” ಎಂದೆ. “ಮೇ ಹನ್ನೊಂದಕ್ಕೆ, ಕೋವಿಡ್‌ನಿಂದ. ನಂಗೆ ಹೋಗೋಕಾಗ್ಲಿಲ್ಲ. ಯಾರಿಗೂ ಹೇಳಿಲ್ಲ.”

ಡೋನಲ್ ನಿಧಾನವಾಗಿ ನಡೆದುಹೋಗಿ ತಮ್ಮ ಮುಂಬಾಗಿಲನ್ನು ಪೂರ್ತಿ ತೆರೆದರು.

“ಒಳಗೆ ಬಾ, ಟೀ ಮಾಡ್ತೀನಿ. ಅರ್ಧ ಚೆಲ್ಲುತ್ತೆ, ಉಳಿದಿದ್ದು ಕುಡಿಯೋಣ.”